ಶಕುನಿಗೆ ಜನರೇಟರ್ ಬೇಡ

ನಂಜನಗೂಡು-ತಿ. ನರಸೀಪುರ ಸೀಮೆಯಲ್ಲಿ ಸುಗ್ಗಿ ಮುಗಿದು ಊರಹಬ್ಬ ಬಂತೆಂದರೆ ‘ಕುರುಕ್ಷೇತ್ರ’ ನಡೆಯಲೇಬೇಕು. ಹದಿನೆಂಟು ದಿನದ ಯುದ್ಧವನ್ನು ನಮ್ಮವರು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ. ಹಾರ ಹಾಕುವವರು, ನೋಟು ಚುಚ್ಚುವವರು ನಡುವೆ ನುಗ್ಗದಿದ್ದರೆ ಇನ್ನೂ ಬೇಗ ಮುಗಿದೀತು. 1930ರ ದಶಕದಲ್ಲಿ ಗುಬ್ಬಿ ಕಂಪನಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ-ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮಗೆ ಆನೆ ಎಲ್ಲಿಂದ ಬರಬೇಕು? ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಇಷ್ಟೇ ನಮ್ಮ ಅಕ್ಷೌಹಿಣಿ.

ಪಾರ್ಟು ಹಂಚುವಾಗಲೇ ಮೊದಲ ಕುತಂತ್ರ ಶುರು. ದುರ್ಯೋಧನ ಆಗಬೇಕೆಂದರೆ ಕೈತುಂಬ ದುಡ್ಡು ಕಟ್ಟಬೇಕು. ಕೃಷ್ಣನ ರೇಟೂ ಕಡಿಮೆಯೇನಲ್ಲ. ನನ್ನ ಸೋದರಮಾವ ವರ್ಷವೂ ಶಕುನಿ. ಸೋದರಮಾವನಾದವನಿಗೆ ಅದಕ್ಕಿಂತ ಒಪ್ಪುವ ಪಾರ್ಟು ಯಾವುದಿದೆ? ಪ್ರಾಕ್ಟೀಸು ಹಿಡಿದ ಮೇಲೆ ಗದ್ದೆಗೂ ಕುಂಟಿಕೊಂಡೇ ಹೋಗುತ್ತಿದ್ದ.

ರಂಗದ ಮೇಲೆ ಅವನಿಗೆ ಹೆಚ್ಚಿನದೇನೂ ಬೇಕಿರಲಿಲ್ಲ. ಎಡಗಾಲು ಎಳೆಯುತ್ತ, ಒಂದು ಕಣ್ಣು ಕಿರಿದು ಮಾಡಿಕೊಂಡು, ಅಂಗೈಯಲ್ಲಿ ದಾಳ ತೀಡುತ್ತ ಮೇಲಿಂದ ಇಳಿಬಿಟ್ಟ ಮೈಕಿನ ಕೆಳಕ್ಕೇ ಬಂದು ನಿಲ್ಲುತ್ತಿದ್ದ. ನಿಂತು ದನಿ ತಗ್ಗಿಸುತ್ತಿದ್ದ. ಹಿಂದೆ ಕಂಬಳಿ ಹೊದ್ದು ಮಲಗಿದ್ದವರು ಎದ್ದು ಕೂರುತ್ತಿದ್ದರು. ಮುಂದೆ ಕೂತ ಮುದುಕಿಯರು ನೆಟಿಗೆ ಮುರಿದು ಶಾಪ ಹಾಕುತ್ತಿದ್ದರು. ಆ ಶಾಪವೇ ಅವನಿಗೆ ಒನ್ಸ್ ಮೋರ್.

ಕೃಷ್ಣನ ಮಾಯೆಗೆ ಮಾತ್ರ ಸಲಕರಣೆ ಬೇಕು. ಸೈಂಧವ ವಧೆಯ ಸೂರ್ಯನೆಂದರೆ ಪರದೆಯ ಹಿಂದಿನ ಕೆಂಪು ಬಲ್ಬು. ರಟ್ಟಿಗೆ ಗಿಲೀಟು ಕಾಗದ ಅಂಟಿಸಿದ ಸುದರ್ಶನ ಚಕ್ರ ದಾರದ ಮೇಲೆ ಜಾರಿ ಬಂದು ಬಲ್ಬನ್ನು ಮುಚ್ಚಬೇಕು. ಕತ್ತಲಾಯಿತೆಂದು ಸೈಂಧವ ನಗುತ್ತ ಹೊರಬರಬೇಕು. ಚಕ್ರ ಸರಿದರೆ ಬಾಣ. ಒಂದು ವರ್ಷ ಕೃಷ್ಣ ಬೆರಳೆತ್ತುವ ಮೊದಲೇ ಕರೆಂಟು ಹೋಯಿತು. ಜನ ಮಾಯೆ ಎಂದುಕೊಂಡು ಶಿಳ್ಳೆ ಹೊಡೆದರು. ಸೈಂಧವ ಬಂದ, ನಕ್ಕ. ಸೂರ್ಯ ಮಾತ್ರ ಬರಲಿಲ್ಲ. ಮೇಷ್ಟ್ರು ಅದೇ ರಾಗವನ್ನು ಮತ್ತೆ ಮತ್ತೆ ಎಳೆದರು. ಆಗ ಸೈಡ್ ವಿಂಗಿನಿಂದ ಮಾವನ ದನಿ: “ಕೃಷ್ಣಾ, ಚಕ್ರಕ್ಕೆ ಡೀಸೆಲ್ ಹಾಕಿಸಿದ್ದೀಯೇನಪ್ಪಾ?” ಸೈಂಧವ ಕೊನೆಗೆ ಟಾರ್ಚಿನ ಬೆಳಕಿನಲ್ಲಿ ಸತ್ತ.

ಕುವೆಂಪು ಅವರ ‘ಬಿರುಗಾಳಿ’ಗೆ ಮೂಲವಾದ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ನಲ್ಲಿ ಮಂತ್ರವಾದಿ ಪ್ರಾಸ್ಪೆರೊ ತನ್ನ ಮಂತ್ರವಿದ್ಯೆಯನ್ನು ತಾನಾಗಿಯೇ ಬಿಟ್ಟುಕೊಡುತ್ತಾನೆ. ನಮ್ಮ ಕೃಷ್ಣನಿಂದ ಕರೆಂಟಿನವರು ಕಿತ್ತುಕೊಂಡರು.

ಈಗ ಜನರೇಟರ್ ಇದೆ, ಹೊಗೆ ಬಿಡುವ ಮಿಷನ್ ಇದೆ, ವಿಶ್ವರೂಪದ ಬೆನ್ನಿಗೆ ಬಣ್ಣಬಣ್ಣದ ಎಲ್‌ಇಡಿ ಇದೆ. ಸೂರ್ಯ ಹೊತ್ತಿಗೆ ಸರಿಯಾಗಿ ಮುಳುಗುತ್ತಾನೆ. ಮಾವ ಇಲ್ಲ. ಹೊಸ ಶಕುನಿಗಳು ಕಾಲರ್ ಮೈಕಿನಲ್ಲಿ ಕೂಗುತ್ತಾರೆ. ಕುತಂತ್ರವನ್ನು ಯಾರಾದರೂ ಕೂಗಿ ಮಾಡುತ್ತಾರೆಯೇ?

ಹಬ್ಬದ ಕಾಲಕ್ಕೆ ಆ ದಾರಿಯಲ್ಲಿ ಹೋಗುವಾಗ ಕಿರೀಟ ತೊಟ್ಟ ಮುಖಗಳ ಫ್ಲೆಕ್ಸ್ ಕಂಡರೆ ಗಾಡಿ ನಿಲ್ಲಿಸಿ, ಬೆಳಗಿನವರೆಗೆ ಕೂತು ನೋಡಿ. ಕೃಷ್ಣನಿಗೆ ಹಾರ ಹಾಕಲು ಬೇಕಾದಷ್ಟು ಜನರಿದ್ದಾರೆ. ದನಿ ತಗ್ಗಿಸಿ ಮಾತಾಡುವ ಶಕುನಿ ಸಿಕ್ಕಿದರೆ ನಿಮ್ಮ ನೋಟು ಅವನಿಗೇ ಚುಚ್ಚಿ.