ಒಂದೇ ಥರದ ಎರಡು ಮದರ್‌ಬೋರ್ಡ್: ನಮ್ಮೂರಿಗೆ ಯಾವುದು?

ಅಕ್ಕನ ಮಗನಿಗೆ ಗೇಮಿಂಗ್ ಪಿಸಿ ಬೇಕಿತ್ತು, ನಮಗೆ ಸುದ್ದಿಯ ವಿಡಿಯೋ ಎಡಿಟ್ ಮಾಡಲು ಒಂದು ಗಟ್ಟಿ ಕಂಪ್ಯೂಟರ್. ಎರಡನ್ನೂ ಒಂದೇ ಮಾಡಿ ಬೈಂದೂರಿನ ಅಕ್ಕನ ಮನೆಯಲ್ಲಿಡುವುದೆಂದಾಯಿತು. ಅರ್ಧ ದುಡ್ಡು ನಮ್ಮದು, ಉಳಿದರ್ಧ ಅಕ್ಕ ಸಂಘದಲ್ಲಿ ತೆಗೆದ ಸಾಲ. ಗೇರುಬೀಜ ಫ್ಯಾಕ್ಟರಿಯ ಸಂಬಳದಲ್ಲಿ ಅವಳು ವಾರವಾರ ಕಂತು ಕಟ್ಟಬೇಕು.

ಪ್ರೊಸೆಸರ್ ಬೇಗ ತೀರ್ಮಾನವಾಯಿತು: ಎಎಮ್‌ಡಿ ರೈಝನ್ 5 9600ಎಕ್ಸ್. ತಲೆಬಿಸಿಯಾದದ್ದು ಮದರ್‌ಬೋರ್ಡಿನಲ್ಲಿ. ಕುಂದಾಪುರದ ಅಂಗಡಿಯಲ್ಲಿ ಎರಡು ತೋರಿಸಿದರು. ಎರಡೂ ಬಿ650 ಚಿಪ್‌ಸೆಟ್, ಎರಡೂ ಎಎಮ್5 ಸಾಕೆಟ್, ಎರಡಕ್ಕೂ ಡಿಡಿಆರ್5 ರ್‍ಯಾಮ್. ಬೆಲೆಯಲ್ಲಿ ಮಾತ್ರ 4 ಸಾವಿರ ವ್ಯತ್ಯಾಸ. ಬ್ರಹ್ಮಾವರದಲ್ಲಿ ಕೇಳಿದರೂ ಹೆಚ್ಚುಕಡಿಮೆ ಅದೇ ರೇಟು.

‘ಎರಡೂ ಒಂದೇ ಅಲ್ದಾ ಮಾವ, ಕಡ್ಮಿದ್ದೇ ತಕಂಬ’ ಎಂದ ಹುಡುಗ. ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಹಾಳಾರೆ ಯಾರ್ ಕಾಂಬುದ್?’

ಹುಡುಗ ಹೇಳಿದ್ದು ಸುಳ್ಳಲ್ಲ. ಗೇಮಿನ ವೇಗ ಬರುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನಿಂದ, ಬೋರ್ಡಿನಿಂದಲ್ಲ. 65 ವ್ಯಾಟಿನ ಪ್ರೊಸೆಸರಿಗೆ ಭಾರೀ ಬೋರ್ಡ್ ಬೇಕಾಗಿಯೂ ಇಲ್ಲ. ದುಬಾರಿ ಬೋರ್ಡಿನಲ್ಲಿ ರ್‍ಯಾಮಿಗೆ ನಾಲ್ಕು ಸ್ಲಾಟ್, ಇನ್ನೊಂದರಲ್ಲಿ ಎರಡು. ಆದರೆ ಈ ಪ್ರೊಸೆಸರಿನಲ್ಲಿ ಎರಡು ರ್‍ಯಾಮ್ ಹಾಕಿದರೆ ಎಎಮ್‌ಡಿ ಹೇಳುವ ವೇಗ 5600, ನಾಲ್ಕು ಹಾಕಿದರೆ 3600. 16 ಜಿಬಿಯ ಎರಡು ಹಾಕಿದರೆ ಕೆಲಸ ಮುಗಿಯಿತು. 2.5 ಗಿಗಾಬಿಟ್ ಲ್ಯಾನ್ ಕೂಡ ಇದೆ. ಮನೆಯ ಇಂಟರ್ನೆಟ್ಟೇ 100 ಎಂಬಿಪಿಎಸ್ ಇರುವಾಗ ಅದನ್ನಿಟ್ಟುಕೊಂಡು ಏನು ಮಾಡುವುದು?

ಅಕ್ಕನ ಪ್ರಶ್ನೆಗೆ ಉತ್ತರ ಉಳಿದೆರಡು ಸೌಲಭ್ಯಗಳಲ್ಲಿತ್ತು.

ಒಂದು, ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್. ಬಿ650 ಬೋರ್ಡುಗಳು ಬಂದದ್ದು 2022ರ ಅಕ್ಟೋಬರಿನಲ್ಲಿ, 9600ಎಕ್ಸ್ ಬಂದದ್ದು 2024ರ ಆಗಸ್ಟಿನಲ್ಲಿ. ಬೋರ್ಡ್ ಹಳೆಯ ಸ್ಟಾಕ್ ಆಗಿದ್ದು ಬಯಾಸ್ ಅಪ್‌ಡೇಟ್ ಆಗಿರದಿದ್ದರೆ ಹೊಸ ಪ್ರೊಸೆಸರನ್ನು ಗುರುತಿಸುವುದೇ ಇಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬಟನ್ ಇದ್ದರೆ ಪೆನ್‌ಡ್ರೈವ್ ಮತ್ತು ಕರೆಂಟ್ ಸಾಕು, ನಾವೇ ಅಪ್‌ಡೇಟ್ ಮಾಡಬಹುದು. ಇಲ್ಲದಿದ್ದರೆ ಹಳೆಯ ಪ್ರೊಸೆಸರೊಂದನ್ನು ಕೂರಿಸಿ ಮಾಡಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಕ್ಕದ ಅಂಗಡಿಯಲ್ಲಿ ಸಿಕ್ಕೀತು. ಬೈಂದೂರಿನಲ್ಲಿ ಯಾರ ಹತ್ತಿರ ಕೇಳುವುದು? ಕಂಪನಿಗೆ ತಕ್ಕಂತೆ ಈ ಬಟನ್ನಿನ ಹೆಸರು ಬೇರೆ: ಗಿಗಾಬೈಟ್‌ನವರು ಕ್ಯೂ-ಫ್ಲ್ಯಾಶ್ ಪ್ಲಸ್ ಎನ್ನುತ್ತಾರೆ, ಎಂಎಸ್‌ಐನವರು ಫ್ಲ್ಯಾಶ್ ಬಯಾಸ್ ಬಟನ್.

ಇನ್ನೊಂದು, ವೈಫೈ. ಮಳೆ ಶುರುವಾಗುವ ಮುಂಚೆ ಮತ್ತು ಮಳೆ ಹೋಗುವಾಗ ನಮ್ಮಲ್ಲಿ ಸಿಡಿಲಿನ ಕಾಟ ನಿಮಗೆ ಗೊತ್ತೇ ಇದೆ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯದು. ಆದರೆ ರೂಟರಿನ ಅಡಾಪ್ಟರಿನಿಂದ ಬಂದ ಹೊಡೆತ ಲ್ಯಾನ್ ವಯರಿನ ತಾಮ್ರದಲ್ಲಿ ಹಾದು ಬೋರ್ಡಿನ ಪೋರ್ಟ್ ಸುಡಬಹುದು. ವೈಫೈ ಇದ್ದರೆ ಆ ದಾರಿಯೇ ಇಲ್ಲ. ಗುಡುಗು ಕೇಳಿದ ಕೂಡಲೇ ಕಂಪ್ಯೂಟರಿನ ಪ್ಲಗ್ ತೆಗೆಯುವುದು ಮಾತ್ರ ತಪ್ಪಿದ್ದಲ್ಲ.

ಈ ಎರಡಕ್ಕಾಗಿ ದುಬಾರಿಯದ್ದನ್ನೇ ತಂದೆವು. 4 ಸಾವಿರ ಸರಿದೂಗಿಸಲು ಬಣ್ಣದ ದೀಪದ ಕ್ಯಾಬಿನೆಟ್ ಬಿಟ್ಟು ಸಾದಾ ಕ್ಯಾಬಿನೆಟ್ ಆಯಿತು. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ನೀವು ಕೊಳ್ಳುವುದಾದರೆ ಇಷ್ಟು ನೆನಪಿಡಿ. ಎಎಮ್5ರಲ್ಲಿ ಸೂಜಿಯಂಥ ಪಿನ್‌ಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಬಗ್ಗಿದರೆ ಸಾಮಾನ್ಯವಾಗಿ ವಾರಂಟಿ ಸಿಗದು. ಅಂಗಡಿಯಲ್ಲೇ ಡಬ್ಬ ತೆರೆಸಿ ಸಾಕೆಟ್ಟಿನ ಫೋಟೋ ತೆಗೆದುಕೊಳ್ಳಿ. ಅದರ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ.