ಮೆಹಂದಿ ಪೊಟ್ಟಣದ ಹಿಂಬದಿ

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಎರಡು ಪೊಟ್ಟಣಗಳಿವೆ. ಎರಡನ್ನೂ ದಾವಣಗೆರೆಯ ಮಂಡಿಪೇಟೆಯ ಒಂದೇ ಅಂಗಡಿಯಿಂದ ತಂದದ್ದು. ಎರಡರ ಮೇಲೂ ಹಸಿರು ಎಲೆಗಳ ಚಿತ್ರವಿದೆ. ಒಂದರಲ್ಲಿ 'ಮೆಹಂದಿ' ಎಂದಿದೆ, ಇನ್ನೊಂದರಲ್ಲಿ 'ಕಾಲಿ ಮೆಹಂದಿ' ಎಂದಿದೆ. ವ್ಯತ್ಯಾಸವೇನೆಂದು ಅಂಗಡಿಯ ಹುಡುಗನನ್ನು ಕೇಳಿದೆ. "ಎರಡೂ ಮೆಹಂದೀನೇ ಆಪಾ. ಅದು ಕೆಂಪು, ಇದು ಕಪ್ಪು, ಅಷ್ಟೇ" ಎಂದ. ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ತಿಳಿದಿರುವುದೂ ಅಷ್ಟೇ. ಆದರೆ ಪೊಟ್ಟಣವನ್ನು ತಿರುಗಿಸಿ ಹಿಂಬದಿ ಓದಿದರೆ ಇವೆರಡೂ ಒಂದೇ ಜಾತಿಯ ವಸ್ತುಗಳೇ ಅಲ್ಲ ಎಂಬುದು ಗೊತ್ತಾಗುತ್ತದೆ.

ಮದ್ರಸಾದಲ್ಲಿ ಕಲಿತು, ಆಮೇಲೆ ಬಿ.ಎ. ಮಾಡಿದವಳು ನಾನು. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಹಾಗಾಗಿ ಪರಿಚಯದ ವಿಜ್ಞಾನ ಶಿಕ್ಷಕಿಯೊಬ್ಬರ ಜೊತೆ ಕುಳಿತು, ಆ ಸಣ್ಣ ಅಕ್ಷರಗಳ ಒಂದೊಂದು ಹೆಸರಿಗೂ ಅರ್ಥ ಹುಡುಕಿದೆವು.

ಮೊದಲನೆಯ ಪೊಟ್ಟಣದಲ್ಲಿ ಒಂದೇ ಒಂದು ಹೆಸರಿದೆ. ಲಾಸೋನಿಯಾ ಇನರ್ಮಿಸ್, ಎಲೆಯ ಪುಡಿ. ಪುಸ್ತಕದ ಕನ್ನಡದಲ್ಲಿ ಮದರಂಗಿ, ನಮ್ಮ ಕಡೆಯ ಮಾತಿನಲ್ಲಿ ಗೋರಂಟಿ. ಹರಿಹರದಲ್ಲಿ ನನ್ನ ತವರುಮನೆಯ ಹಿತ್ತಲಲ್ಲಿ ಇದರ ಗಿಡವಿತ್ತು. ಈದ್‌ಗೆ ಎರಡು ದಿನ ಮೊದಲು ಅಮ್ಮಿ ಎಲೆ ಬಿಡಿಸಿ ಒರಳಿನಲ್ಲಿ ಅರೆಯುತ್ತಿದ್ದರು. ಈಗ ಅಂಗಡಿಗೆ ಬರುವ ಪುಡಿಯಲ್ಲಿ ಬಹಳಷ್ಟು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಕಡೆಯದು. ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ಈ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಒಣ ಎಲೆಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದರ ಆಸುಪಾಸು. ಪುಡಿಗೆ ನೀರು, ನಿಂಬೆರಸ ಹಾಕಿ ಕೆಲವು ಗಂಟೆ ಬಿಟ್ಟಾಗ ಅದು ಎಲೆಯಿಂದ ಹೊರಬರುತ್ತದೆ. ಹಚ್ಚಿದಾಗ ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಮ್ಮ ಉಗುರು, ಕೂದಲು ಆಗಿರುವುದೂ ಅದೇ ಕೆರಾಟಿನ್‌ನಿಂದ. ಸಕ್ಕರೆ ಹಾಕುವುದು ಬಣ್ಣಕ್ಕಾಗಿ ಅಲ್ಲ, ಲೇಪ ಬೇಗ ಒಣಗಿ ಉದುರದಿರಲಿ ಎಂದು. ತವಾದ ಮೇಲೆ ಲವಂಗ ಹಾಕಿ ಅದರ ಹೊಗೆಗೆ ಕೈ ಒಡ್ಡುವುದು ನಮ್ಮ ನಾನಿಯರ ಕಾಲದ ಪದ್ಧತಿ. ಅದರ ಬಿಸಿಗೆ ಬಣ್ಣ ಚೆನ್ನಾಗಿ ಏರುತ್ತದೆ.

ಲೇಪ ತೆಗೆದ ಕೂಡಲೇ ಬಣ್ಣ ಕಿತ್ತಳೆಯಾಗಿಯೇ ಇರುತ್ತದೆ. ಗಾಳಿ ತಾಗುತ್ತಾ ಒಂದೆರಡು ದಿನಗಳಲ್ಲಿ ಕಡುಗೆಂಪಿಗೆ, ಕಂದಿಗೆ ತಿರುಗುತ್ತದೆ. ಅಂಗೈ, ಅಂಗಾಲುಗಳ ಚರ್ಮ ದಪ್ಪವಾದ್ದರಿಂದ ಅಲ್ಲಿ ಗಾಢವಾಗುತ್ತದೆ, ಮುಂಗೈ ಮೇಲೆ ತಿಳಿಯಾಗಿಯೇ ಉಳಿಯುತ್ತದೆ. ಎಷ್ಟೇ ಒಳ್ಳೆಯ ಎಲೆಯಾದರೂ ಅದು ಇದ್ದಲಿನಂತೆ ಕಪ್ಪಾಗುವುದಿಲ್ಲ. ಇದೊಂದು ಮಾತನ್ನು ದಯವಿಟ್ಟು ನೆನಪಿಡಿ. ಯಾಕೆಂದರೆ ಟಿವಿಯ ಮದುಮಗಳ ಮುಂಗೈ ಮೇಲಿನ ಕಡುಕಪ್ಪು ಚಿತ್ತಾರವನ್ನೇ ನಮ್ಮ ಹುಡುಗಿಯರು ಕೇಳುತ್ತಿರುವುದು.

ಇನ್ನು ಎರಡನೆಯ ಪೊಟ್ಟಣ. ಇದರ ಪಟ್ಟಿಯಲ್ಲೂ ಮೆಹಂದಿ ಎಲೆಯ ಪುಡಿ ಇದೆ, ಇಲ್ಲವೆನ್ನುವಂತಿಲ್ಲ. ಆದರೆ ಕಪ್ಪು ಬಣ್ಣ ಬರುವುದು ಅದರಿಂದಲ್ಲ, ಪ್ಯಾರಾ ಫೆನಿಲೀನ್ ಡೈ ಅಮೀನ್ ಎಂಬ ರಾಸಾಯನಿಕದಿಂದ. ಉದ್ದ ಹೆಸರು, ಎಲ್ಲರೂ ಪಿ.ಪಿ.ಡಿ. ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಕೃತಕ ಬಣ್ಣಗಳ ಜೊತೆ ಬಂದ ವಸ್ತುವಿದು. ಇಂದು ಜಗತ್ತಿನಾದ್ಯಂತ ಕೂದಲಿನ ಕಪ್ಪು ಡೈಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ತನ್ನದೇ ಆದ ಕಪ್ಪು ಇಲ್ಲ. ಆಮ್ಲಜನಕದೊಡನೆ ಸೇರಿದಾಗ ಮಾತ್ರ ಕಪ್ಪಾಗುತ್ತದೆ. ಅದಕ್ಕೆಂದೇ ಪಟ್ಟಿಯಲ್ಲಿ ಬೇರಿಯಮ್ ಪೆರಾಕ್ಸೈಡ್ ಇದೆ. ಕೆಲವು ಪುಡಿಗಳಲ್ಲಿ ಅದರ ಬದಲು ಸೋಡಿಯಮ್ ಪರ್ಬೋರೇಟ್ ಇರುತ್ತದೆ. ನೀರು ತಾಗಿದ ಕೂಡಲೇ ಇವು ಕೆಲಸ ಶುರು ಮಾಡುತ್ತವೆ. ಸಿಟ್ರಿಕ್ ಆಮ್ಲ ಹುಳಿಯ ಪ್ರಮಾಣವನ್ನು ಹದದಲ್ಲಿಡುತ್ತದೆ, ಅಂಟಿನಂಥ ಇನ್ನೊಂದು ಪುಡಿ ಲೇಪವನ್ನು ಗಟ್ಟಿ ಮಾಡುತ್ತದೆ. ಅರ್ಧ ಗಂಟೆಯಲ್ಲಿ ಕೂದಲು ಕಪ್ಪು! ಎಲೆಗೆ ಒಂದು ರಾತ್ರಿ ಮತ್ತು ಎರಡು ಹಗಲು ಬೇಕಾದ ಕೆಲಸ ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಮೆಹಂದಿ ಹಚ್ಚುವ ಕೆಲವರು ಈ ಡೈ ಪುಡಿಯನ್ನೇ ಕೋನ್‌ಗೆ ಬೆರೆಸುತ್ತಾರೆ. ತೊಂದರೆ ಆಗುವುದು ಇಲ್ಲಿ.

ಹರಿಹರದಲ್ಲಿ ನನ್ನ ತಂಗಿಯ ಮಗಳ ನಿಕಾಹ್ ನಡೆದಾಗ ಕೈಗೆ ಹಚ್ಚಿದ್ದು ಇಂಥದೇ ಕೋನ್. ಹಿಂದಿನ ರಮಝಾನ್‌ನಲ್ಲಿ ಅವಳು ಅದೇ ಕಪ್ಪು ಕೋನ್ ಹಚ್ಚಿಕೊಂಡಿದ್ದಳು, ಏನೂ ಆಗಿರಲಿಲ್ಲ. ಈ ಸಲ ನಿಕಾಹ್ ಆದ ಮರುದಿನ, ಅಂದರೆ ಹಚ್ಚಿದ ಮೂರನೆಯ ದಿನ, ಅತ್ತೆಮನೆಯಲ್ಲಿ ತುರಿಕೆ ಶುರುವಾಯಿತು. ಸಂಜೆಯ ಹೊತ್ತಿಗೆ ಹೂವು, ಬಳ್ಳಿ, ಎಲೆ ಹೇಗೆ ಬಿಡಿಸಿದ್ದರೋ ಹಾಗೆಯೇ ಉಬ್ಬಿ ನೀರುಗುಳ್ಳೆಗಳಾದವು. ಹೊಸ ಸೊಸೆ, ಬಾಯಿ ಬಿಟ್ಟು ಹೇಳಲಾರಳು. ನೋಡಲು ಬಂದವರೆದುರು ಎರಡು ದಿನ ದುಪ್ಪಟ್ಟಾದೊಳಗೆ ಕೈ ಮುಚ್ಚಿಕೊಂಡು ಕುಳಿತಿದ್ದಳು. ನೆಂಟರಲ್ಲಿ ಒಬ್ಬರು "ನಝರ್ ತಗುಲಿದೆ" ಎಂದರು. ಇನ್ನೊಬ್ಬರು "ಇವಳ ಮೈಗೆ ಮೆಹಂದಿ ಆಗಿಬರುವುದಿಲ್ಲ" ಎಂದು ತೀರ್ಪು ಕೊಟ್ಟರು. ಕೊನೆಗೆ ಅವಳ ಅತ್ತೆಯೇ ದಾವಣಗೆರೆಗೆ ಚರ್ಮ ವೈದ್ಯರ ಬಳಿ ಕರೆತಂದರು. ಆ ತಾಯಿಗೆ ಅಲ್ಲಾಹನು ಒಳಿತು ಮಾಡಲಿ. ವೈದ್ಯರು ಕೈ ನೋಡಿ ಕೇಳಿದ ಮೊದಲ ಪ್ರಶ್ನೆ, "ಕಪ್ಪು ಮೆಹಂದಿಯೇ?"

ಮೊದಲ ಸಲ ಏನೂ ಆಗಿರಲಿಲ್ಲವಲ್ಲ ಎಂದು ನಾವು ಕೇಳಿದೆವು. ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಗೆ ಗುರುತಿಟ್ಟುಕೊಳ್ಳುವ ಗುಣವಿದೆ. ಈ ರಾಸಾಯನಿಕ ಚರ್ಮದೊಳಗೆ ಇಳಿದಾಗ ಕೆಲವರ ದೇಹ ಅದನ್ನು ವೈರಿಯೆಂದು ಗುರುತು ಹಾಕಿಕೊಳ್ಳುತ್ತದೆ. ಆಗ ಹೊರಗೆ ಏನೂ ಕಾಣದೇ ಇರಬಹುದು. ಮುಂದಿನ ಸಲ ತಾಗಿದಾಗ, ಒಂದರಿಂದ ಮೂರು ದಿನಗಳೊಳಗೆ ದೇಹ ಅದರ ಮೇಲೆ ಎರಗುತ್ತದೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಗುಳ್ಳೆಗಳು ಔಷಧಿಗೆ ಒಣಗಿದವು, ಆದರೆ ಚಿತ್ತಾರದ ಆಕಾರದ ಕಲೆ ತಿಂಗಳುಗಟ್ಟಲೆ ಹೋಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವಳು ಇನ್ನು ಮುಂದೆ ಪಿ.ಪಿ.ಡಿ. ಇರುವ ಡೈಯನ್ನು ತಲೆಗೆ ಹಚ್ಚುವಂತಿಲ್ಲ. ಹಚ್ಚಿದರೆ ಮುಖ, ಕಣ್ಣು ಊದಿಕೊಳ್ಳಬಹುದು. ಇಂಥವರಿಗೆ ಕೆಲವು ಬಟ್ಟೆಯ ಬಣ್ಣಗಳು, ಮರಗಟ್ಟಿಸುವ ಕೆಲವು ಔಷಧಿಗಳು ಕೂಡ ಒಗ್ಗದಿರಬಹುದಂತೆ. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಈ ಅಲರ್ಜಿಯ ವಿಷಯ ಹೇಳಬೇಕು. ಇಪ್ಪತ್ತೆರಡು ವರ್ಷದ ಹುಡುಗಿ, ಒಂದು ಸಂಜೆಯ ಶೃಂಗಾರಕ್ಕೆ ತೆತ್ತ ಬೆಲೆ ಇದು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರಲ್ಲಿ ಪಿ.ಪಿ.ಡಿ.ಯನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಅಲ್ಲಿ ಇದನ್ನು ನೇರವಾಗಿ ಚರ್ಮಕ್ಕೆ ಹಚ್ಚಲು ಅನುಮತಿಯಿಲ್ಲ. ಯುರೋಪಿನಲ್ಲಿ ಕೂದಲಿಗೆ ಮಾತ್ರ ಅನುಮತಿ, ಅದೂ ಕಲಸಿದ ಡೈಯಲ್ಲಿ ನೂರಕ್ಕೆ ಎರಡು ಪಾಲು ಮೀರುವಂತಿಲ್ಲ. ಕೋನ್‌ಗೆ ಕೈ ಅಂದಾಜಿನಲ್ಲಿ ಪುಡಿ ಬೆರೆಸುವಾಗ ಈ ಲೆಕ್ಕ ಯಾರಿಗೆ ಗೊತ್ತು?

ನಮ್ಮ ದೇಶದಲ್ಲೂ ನಿಯಮವಿಲ್ಲದಿಲ್ಲ. ಪಿ.ಪಿ.ಡಿ. ಇರುವ ಡೈ ಪೊಟ್ಟಣದ ಮೇಲೆ, ಇದು ಕೆಲವರ ಚರ್ಮಕ್ಕೆ ತೊಂದರೆ ಕೊಡಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು, ಹುಬ್ಬಿಗೆ ಮತ್ತು ರೆಪ್ಪೆಗೆ ಹಚ್ಚಿದರೆ ದೃಷ್ಟಿಯೇ ಹೋಗಬಹುದು ಎಂಬ ಎಚ್ಚರಿಕೆ ಇರಬೇಕು. ಅದೂ ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಗಳಲ್ಲಿ. ನನ್ನ ಮುಂದಿರುವ ಪೊಟ್ಟಣದಲ್ಲಿ ಎಚ್ಚರಿಕೆ ಇದೆ. ಕನ್ನಡದಲ್ಲೂ ಇದೆ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ! ಎಲೆಯ ಚಿತ್ರ ಮಾತ್ರ ಅಂಗೈಯಗಲ. ಇದನ್ನು ತರಗತಿಗೆ ಒಯ್ದು ಹುಡುಗಿಯರಿಂದ ಓದಿಸಿದೆ. 'ದೃಷ್ಟಿ' ಎಂಬ ಶಬ್ದ ಬಂದಾಗ ಒಬ್ಬಳು ತಲೆಯೆತ್ತಿ, "ನಮ್ಮ ಫೂಫಿ ಹುಬ್ಬಿಗೂ ಇದನ್ನೇ ಹಚ್ಚುತ್ತಾರೆ ಆಪಾ" ಎಂದಳು. ಅಂದೇ ಮನೆಗೆ ಹೋಗಿ ಹೇಳುವಂತೆ ಕಳುಹಿಸಿದೆ. ಇನ್ನು ಈದ್ ಹತ್ತಿರ ಬಂದಾಗ ತಳ್ಳುಗಾಡಿಯಲ್ಲಿ ರಾಶಿ ಬೀಳುವ, ಹೆಸರಿಲ್ಲದ, ಪಟ್ಟಿಯಿಲ್ಲದ ಕೋನ್‌ಗಳಲ್ಲಿ ಏನಿದೆಯೆಂದು ಓದಲು ಹಿಂಬದಿಯೇ ಇರುವುದಿಲ್ಲ.

ಹಾಗಾದರೆ ತಲೆಗೂದಲಿಗೆ ಏನು ಮಾಡಬೇಕು ಎಂದು ನನ್ನ ವಯಸ್ಸಿನ ಸಹೋದರಿಯರು ಕೇಳುತ್ತಾರೆ. ಮಕ್ಕಾ ವಿಜಯದ ದಿನ ಹ. ಅಬೂಬಕರ್(ರ)ರ ವೃದ್ಧ ತಂದೆ ಅಬೂ ಕುಹಾಫಾ(ರ)ರನ್ನು ಕರೆತಂದಾಗ ಅವರ ತಲೆ, ಗಡ್ಡ ಪೂರ್ತಿ ಬೆಳ್ಳಗಾಗಿದ್ದವು. ಆ ಬಿಳುಪನ್ನು ಬದಲಿಸಲು, ಆದರೆ ಕಪ್ಪನ್ನು ವರ್ಜಿಸಲು ಪ್ರವಾದಿವರ್ಯರು(ಸ) ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ನರೆಗೂದಲಿಗೆ ಮೆಹಂದಿ ಮತ್ತು ಕತಮ್ ಎಂಬ ಗಿಡ ಉತ್ತಮವೆಂಬ ಹದೀಸ್ ತಿರ್ಮಿದಿಯಲ್ಲಿದೆ. ಅಪ್ಪಟ ಕಪ್ಪಿನ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ನಾನು ಹಚ್ಚುವುದು ಮೊದಲನೆಯ ಪೊಟ್ಟಣವನ್ನೇ. ಕೆಂಪು ಎದ್ದು ಕಾಣುತ್ತದೆ ಎನ್ನುವವರು ಮೆಹಂದಿ ತೊಳೆದ ಮೇಲೆ ನೀಲಿ ಎಲೆಯ ಪುಡಿಯನ್ನು ಹಚ್ಚಿದರೆ ಕಡುಕಂದಿನಿಂದ ಕಪ್ಪಿನವರೆಗಿನ ಬಣ್ಣ ಬರುತ್ತದೆ. ಅದು ನೀಲಿ ಎಲೆಯ ಪುಡಿ ಮಾತ್ರವೇ ಎಂದು ಅದರ ಹಿಂಬದಿಯನ್ನೂ ಓದಿಕೊಳ್ಳಿ. ಡೈಯೇ ಬೇಕೆನ್ನುವವರು ಪೊಟ್ಟಣದಲ್ಲಿ ಹೇಳಿರುವ ಪರೀಕ್ಷೆಯನ್ನಾದರೂ ಮಾಡಿ. ಕಲಸಿದ ಡೈಯನ್ನು ಸ್ವಲ್ಪ ಕಿವಿಯ ಹಿಂದೆ ಅಥವಾ ಮುಂದೋಳಿನ ಒಳಭಾಗಕ್ಕೆ ಹಚ್ಚಿ, ಒಣಗಲು ಬಿಟ್ಟು, 24 ಗಂಟೆಯ ನಂತರ ತೊಳೆದು ನೋಡಬೇಕು. ಇನ್ನೂ ಒಂದು ದಿನ ಕಾದರೆ ಒಳ್ಳೆಯದು. ಪ್ರತಿ ಸಲವೂ ಮಾಡಬೇಕು, ಹೋದ ತಿಂಗಳು ಮಾಡಿದ್ದೆ ಎಂದರೆ ಸಾಲದು. ಹಿಂದೊಮ್ಮೆ ಕಪ್ಪು ಕೋನ್‌ನಿಂದ ಗುಳ್ಳೆ ಬಂದವರು ಮಾತ್ರ ಈ ಪರೀಕ್ಷೆಯ ಗೋಜಿಗೂ ಹೋಗಬಾರದು.

ಮೆಹಂದಿ ಇದ್ದರೆ ವುಝೂ ಆಗುತ್ತದೆಯೇ ಎಂಬ ಪ್ರಶ್ನೆ ಪ್ರತಿ ರಮಝಾನ್‌ನಲ್ಲೂ ಬರುತ್ತದೆ. ಬಣ್ಣವು ಚರ್ಮಕ್ಕೆ ನೀರು ತಾಗುವುದನ್ನು ತಡೆಯುವುದಿಲ್ಲ, ಒಣಗಿದ ಲೇಪ ತಡೆಯುತ್ತದೆ. ಲೇಪವನ್ನು ಪೂರ್ತಿ ತೆಗೆದು ವುಝೂ ಮಾಡಬೇಕು.

ಎಲೆಯ ಪುಡಿಯೂ ಎಲ್ಲರಿಗೂ ಹೊಂದುತ್ತದೆ ಎಂದಲ್ಲ. ಹಸುಗೂಸುಗಳ ಅಂಗೈ, ಅಂಗಾಲಿಗೆ ಪ್ರೀತಿಯಿಂದ ಮೆಹಂದಿ ಮೆತ್ತುವ ರೂಢಿ ನಮ್ಮಲ್ಲಿದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿ.ಡಿ. ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿನ ದೇಹಕ್ಕೆ ಲಾಸೋನ್ ಇಳಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಬರಬಹುದು. ಕೊರತೆ ಇದೆಯೋ ಇಲ್ಲವೋ ರಕ್ತಪರೀಕ್ಷೆ ಮಾಡದೆ ತಿಳಿಯುವುದಿಲ್ಲ. ಹಸುಗೂಸುಗಳಿಗೆ ಹಚ್ಚದಿರುವುದೇ ಲೇಸು.

ಬಾಷಾ ನಗರದಲ್ಲಿ ಮನೆಯಲ್ಲೇ ಕೂತು ಮೆಹಂದಿ ಹಚ್ಚಿ ನಾಲ್ಕು ಕಾಸು ಸಂಪಾದಿಸುವ ಒಬ್ಬ ಸಹೋದರಿಯ ಜೊತೆ ಇದನ್ನೆಲ್ಲ ಮಾತಾಡಿದೆ. "ನಾನು ಎಲೆ ಪುಡಿಯನ್ನೇ ಮಲ್ ಬಟ್ಟೆಯಲ್ಲಿ ಸೋಸಿ, ನಿಂಬೆರಸ, ಸಕ್ಕರೆ, ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ರಾತ್ರಿ ನೆನೆಸಿ ಕೋನ್ ಕಟ್ಟುತ್ತೇನೆ. ಆದರೆ ಕಪ್ಪು ಬರಲ್ಲ ಅಂದರೆ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾರೆ ಆಪಾ" ಎಂದಳು. ಅವಳ ಕಷ್ಟ ನಿಜ. ಬೆರೆಸುವವರನ್ನು ಬಯ್ಯುವ ನಾವೇ ಅರ್ಧ ಗಂಟೆಯಲ್ಲಿ ಕಪ್ಪು ಕೇಳುತ್ತೇವೆ.

ಅವಳು ಈಗೊಂದು ಉಪಾಯ ಮಾಡಿದ್ದಾಳೆ. ನಿಕಾಹ್ ಭಾನುವಾರವಾದರೆ ಶುಕ್ರವಾರ ರಾತ್ರಿಯೇ ಹಚ್ಚಿಸಿಕೊಳ್ಳಬೇಕು, ಶನಿವಾರ ರಾತ್ರಿ ಎಂದರೆ ಒಪ್ಪುವುದಿಲ್ಲ. ಲೇಪವನ್ನು ರಾತ್ರಿಯಿಡೀ ಬಿಟ್ಟು, ಇಶಾ ಮುಗಿಸಿ ಹಚ್ಚಿಸಿಕೊಂಡವರು ಫಜ್ರ್‌ಗೆ ಎದ್ದಾಗ ಉಜ್ಜಿ ತೆಗೆದು, ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು. ಶನಿವಾರ ಬೆಳಿಗ್ಗೆ ಕಿತ್ತಳೆ ಬಣ್ಣ ಕಂಡು ಮದುಮಗಳ ತಾಯಂದಿರು ಗಾಬರಿಯಿಂದ ಫೋನ್ ಮಾಡುತ್ತಾರಂತೆ. "ನಾಳೆ ನೋಡಿ ಅಮ್ಮಾ" ಎಂದಷ್ಟೇ ಹೇಳಿ ಫೋನ್ ಇಡುತ್ತಾಳಂತೆ.