ಅಕ್ಕಿ ಚೀಲಕ್ಕೆ ಗುದ್ದಿದ್ದು

ಕಳೆದ ವರ್ಷ ಒಂದು ಸಂಜೆ ಹರಿಹರದಲ್ಲಿ ಸುದ್ದಿ ಮುಗಿಸಿಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಸುಮಾರು 14 ಕಿಲೋಮೀಟರ್ ದಾರಿ. ಸೀಟಿರಲಿಲ್ಲ, ನಿಂತೆ. ಹಿಂದೆ ನಿಂತವನ ಕೈ ಎಲ್ಲಿತ್ತು ಅಂತ ಬಿಡಿಸಿ ಬರೆಯಬೇಕಿಲ್ಲ, ಓದುವ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತದೆ. ನಾನು ಬಾಯಿ ಬಿಡಲಿಲ್ಲ. ಬ್ಯಾಗನ್ನು ಅಡ್ಡ ಹಿಡಿದು, ಸ್ಟಾಪ್ ಬರುವ ಮೊದಲೇ ಇಳಿದು, ಉಳಿದ ದಾರಿ ನಡೆದೆ. ನಾಚಿಕೆಯ ಮಾತೆಂದರೆ, ಅವತ್ತು ಬೆಳಿಗ್ಗೆಯೇ ಒಂದು ಶಾಲೆಯ ಆತ್ಮರಕ್ಷಣೆ ತರಬೇತಿಯ ಸುದ್ದಿ ಕಳಿಸಿದ್ದೆ. ‘ಹೆಣ್ಣುಮಕ್ಕಳು ಧೈರ್ಯ ಬೆಳೆಸಿಕೊಳ್ಳಲಿ’ ಅಂತ ಶೀರ್ಷಿಕೆ ಕೊಟ್ಟವಳೂ ನಾನೇ.

ಮರುದಿನದಿಂದ ಸರಸ್ವತಿ ನಗರದ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ ಬಾಕ್ಸಿಂಗ್ ಶುರುವಾಯಿತು. ಗುರು ಮೊಬೈಲು. ಇಪ್ಪತ್ತು ನಿಮಿಷದ ವಿಡಿಯೊ ಹಾಕಿಕೊಳ್ಳುವುದು, ಅದರಲ್ಲಿ ಕುಣಿದಂತೆ ಕುಣಿಯುವುದು. ಎರಡು ದಿನಕ್ಕೇ ಹುಮ್ಮಸ್ಸು ಹೆಚ್ಚಾಗಿ, ಖಾಲಿ ಅಕ್ಕಿ ಚೀಲಕ್ಕೆ ಹಳೇ ಬಟ್ಟೆ, ಅರ್ಧ ಪುಟ್ಟಿ ಮರಳು ತುಂಬಿ ಕಬ್ಬಿಣದ ಪೈಪಿಗೆ ನೇತುಹಾಕಿದೆ. ಬಸ್ಸಿನವನ ಮುಖ ನೆನೆಸಿಕೊಂಡು ಗುದ್ದಿದೆ. ಮೂರನೇ ದಿನ ಬಲ ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. ಆ ವಾರದ ಸುದ್ದಿಯೆಲ್ಲ ಎಡಗೈಯ ಒಂದೇ ಬೆರಳಲ್ಲಿ ಟೈಪ್ ಮಾಡಿದ್ದು.

ಪಕ್ಕದ ತಾರಸಿಯಲ್ಲಿ ಹಪ್ಪಳ ಕಾಯುತ್ತ ಕೂತಿರುತ್ತಿದ್ದ ಅಜ್ಜ ಇದನ್ನೆಲ್ಲ ನೋಡುತ್ತಿದ್ದರಂತೆ. ವಯಸ್ಸಿನಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿದವರು. “ಏನವ್ವಾ, ಆ ಚೀಲ ನಿನಗೇನು ಮಾಡಿತ್ತು?” ಅಂದರು. ನಾನು ಕೈ ತೋರಿಸಿದೆ. “ಕೈಯಿಂದ ಹೊಡೆದರೆ ಹಂಗೇ ಆಗೋದು. ಮೊದಲು ಕಾಲು ಗಟ್ಟಿ ಮಾಡ್ಕೊ. ಕಾಲು ನಿಲ್ಲದವನ ಕೈ ಏನು ಮಾಡೀತು?” ಅಂದು, ಬಸ್ಕಿ ಹೊಡಿ ಅಂದರು. ಹದಿನೈದಕ್ಕೆ ನನ್ನ ತೊಡೆ ನಡುಗಿತು. ಅವರು ಹಪ್ಪಳ ತಿರುವಿ ಹಾಕಿ, “ನಾವು ನೂರರ ಲೆಕ್ಕದಾಗೆ ಹೊಡೀತಿದ್ವಿ” ಅಂದರು. ಹಳೇ ಪೈಲ್ವಾನರ ಲೆಕ್ಕವನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ನಂಬಬೇಕು. ಆದರೂ ಮಾತು ಸರಿಯಿತ್ತು.

ಮಣಿಕಟ್ಟು ವಾಸಿಯಾದ ಮೇಲೆ ಅದೇ ವಿಡಿಯೊಗಳನ್ನು ಮತ್ತೆ ನೋಡಿದರೆ, ಅಜ್ಜ ಹೇಳಿದ್ದೇ ಅಲ್ಲೂ ಇತ್ತು. ಗುದ್ದಿನ ಜೋರು ಹುಟ್ಟುವುದು ಹಿಂದಿನ ಪಾದದಲ್ಲಿ. ಪಾದ ತಿರುಗಿದರೆ ಸೊಂಟ ತಿರುಗುತ್ತದೆ, ಸೊಂಟ ಭುಜವನ್ನು ತಳ್ಳುತ್ತದೆ, ಕೈ ಕೊನೆಗೆ ಹೋಗಿ ಮುಟ್ಟುತ್ತದೆ ಅಷ್ಟೆ. ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಬೇಕು, ಒಳಗಿಟ್ಟರೆ ಮುರಿಯುತ್ತದೆ. ತಾಗಬೇಕಾದ್ದು ಮೊದಲ ಎರಡು ಗೆಣ್ಣು. ಮಣಿಕಟ್ಟು ಮುಂದೋಳಿನ ನೇರಕ್ಕಿರಬೇಕು. ನನ್ನದು ಬಾಗಿತ್ತು, ಊದಿತು. ಗ್ಲೌಸು, ಕೈಗೆ ಸುತ್ತುವ ಪಟ್ಟಿ ಇಲ್ಲದೆ ಮರಳು ಚೀಲಕ್ಕೆ ಗುದ್ದಲೇಬಾರದು. ಈಗ ನಾನು ಗಾಳಿಗೇ ಗುದ್ದುತ್ತೇನೆ. ಒಲಿಂಪಿಕ್ಸ್ ಬಾಕ್ಸಿಂಗಿನ ಹಾಗೆ 3 ನಿಮಿಷ ಆಡುವುದು, 1 ನಿಮಿಷ ನಿಲ್ಲುವುದು, ಹೀಗೆ ಮೂರು ಸುತ್ತು. ಜೊತೆಗೆ ಬಸ್ಕಿ, ದಂಡ, ಹಗ್ಗದಾಟ. ದುಡ್ಡು ಖರ್ಚಾಗಿದ್ದು ಹಗ್ಗಕ್ಕೆ ಮಾತ್ರ. ಎರಡು ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು, ನಿದ್ದೆ ಚೆನ್ನಾಗಿ ಬರತೊಡಗಿತು.

ಆದರೆ ವಿಡಿಯೊದವರು ಹೇಳುವಂತೆ ಇಪ್ಪತ್ತು ನಿಮಿಷಕ್ಕೆ ಯಾರೂ ‘ಅಪಾಯಕಾರಿ’ ಆಗುವುದಿಲ್ಲ. ಗಾಳಿ ತಿರುಗಿ ಹೊಡೆಯುವುದಿಲ್ಲವಲ್ಲ! ಹಿಡಿತ ಬಿಡಿಸಿಕೊಳ್ಳುವುದನ್ನು ಕಲಿಯಲು ಹಿಡಿಯುವವರು ಬೇಕು. ನನಗೆ ಸಿಕ್ಕವಳು ಹತ್ತನೇ ಕ್ಲಾಸಿನ ಅಕ್ಕನ ಮಗಳು. ಅವಳ ಶಾಲೆಯಲ್ಲಿ ಕರಾಟೆ ಕಲಿಸಿದ್ದರು. ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ. ಅವಳು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು. “ಎಳೀಬೇಡ ಚಿಕ್ಕಮ್ಮಾ, ನನ್ನ ಹೆಬ್ಬೆರಳು ಎಲ್ಲಿದೆ ನೋಡು, ಆ ಕಡೆ ತಿರುಗಿಸು” ಅಂದಳು. ನಾಲ್ಕು ಬೆರಳಿನ ಕಡೆ ಎಳೆದರೆ ಬಿಡುವುದಿಲ್ಲ, ಹೆಬ್ಬೆರಳಿನ ಸಂದಿಯಿಂದ ಕೈ ಜಾರುತ್ತದೆ. ಹೀಗೆ ನೂರಾರು ಸಲ ಮಾಡಿದ್ದೇವೆ. ಮುಖಕ್ಕೆ ಹೊಡೆಯುವುದಾದರೆ ಮುಷ್ಟಿಗಿಂತ ಅಂಗೈ ಬುಡ ಒಳ್ಳೆಯದು, ನಮ್ಮ ಬೆರಳು ಉಳಿಯುತ್ತವೆ ಅಂತಲೂ ಅವಳೇ ಹೇಳಿಕೊಟ್ಟಳು.

ನಾನು ಹುಟ್ಟಿದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ ಓಬವ್ವ ನಮಗೆ ಮನೆಯವಳ ಹಾಗೆ. ನವೆಂಬರ್ 11ರ ಜಯಂತಿಗೆ ಹೋಗಿ ಸುದ್ದಿಯನ್ನೂ ಮಾಡಿದ್ದೇನೆ. ಭಾಷಣದಲ್ಲಿ ಎಲ್ಲರೂ ಅವಳ ಧೈರ್ಯದ ಮಾತೇ ಆಡುತ್ತಾರೆ, ತೋಳಿನ ಮಾತು ಯಾರೂ ಆಡುವುದಿಲ್ಲ. ದಿನಾ ಕುಟ್ಟಿ ಕುಟ್ಟಿ ಪಳಗಿದ ಕೈಗೇ ಅಲ್ಲವೇ ಅವತ್ತು ಒನಕೆ ಸಿಕ್ಕಿದ್ದು?

ಕಾನೂನಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸಾದರೆ?’ ಅಂತ ಹಳ್ಳಿಗಳಲ್ಲಿ ಹಲವರು ಕೇಳಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು ಹೊಡೆಯಬಹುದು. ಅವನು ಬಿಟ್ಟು ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಬಡಿದರೆ ಅದು ರಕ್ಷಣೆಯಲ್ಲ. ತುರ್ತಿಗೆ 112.

ಈ ಡಿಸೆಂಬರಿನಲ್ಲಿ ರಾತ್ರಿ ಒಂಬತ್ತೂವರೆಗೆ ಮನೆಗೆ ನಡೆದು ಬರುತ್ತಿದ್ದೆ. ಬೈಕಿನಲ್ಲಿ ಇಬ್ಬರು, ಒಮ್ಮೆ ಮುಂದೆ ಹೋದರು, ತಿರುಗಿ ಬಂದರು, ಪಕ್ಕಕ್ಕೇ ನಿಧಾನ ಮಾಡಿದರು. ಹಿಂದೆ ಕೂತವನ ಕೈ ಚಾಚಿತು. ನನ್ನ ಎಡಗಾಲು ತಾನಾಗಿಯೇ ಮುಂದೆ ಬಂತು, ಎರಡೂ ಕೈ ಎದೆ ಮಟ್ಟಕ್ಕೆ ಎದ್ದವು. ಹೊಟ್ಟೆಯಿಂದ ಕೂಗಿದೆ: “ಏಯ್, ಯಾರೋ ನೀನು! ದೂರ ಹೋಗೋ!” ಮೂರು ಮನೆಯ ಲೈಟು ಹತ್ತಿಕೊಂಡವು. ಬೈಕು ಹೋಯಿತು. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಂಡಿತು. ಒಂದೂ ಗುದ್ದು ಕೊಡಲಿಲ್ಲ. ಮನೆಗೆ ಬಂದ ಮೇಲೆ ಅರ್ಧ ಗಂಟೆ ಕೈ ನಡುಗುತ್ತಿತ್ತು, ನೀರಿನ ಲೋಟ ಹಿಡಿಯಲಾಗಲಿಲ್ಲ. ಅಜ್ಜನಿಗೆ ಹೇಳಿದಾಗ, “ಅಖಾಡದಾಗೂ ಹಂಗೇ ಇರ್ತದವ್ವಾ, ನಡುಕ ಆಮೇಲೆ ಬರ್ತದೆ” ಅಂದರು.

ಈಗ ಅಕ್ಕನ ಮಗಳಿಗೆ ಕುಸ್ತಿಯ ಹುಚ್ಚು ಹತ್ತಿದೆ. ಮೈಸೂರು ದಸರಾದಲ್ಲಿ ಹೆಣ್ಣುಮಕ್ಕಳು ಕುಸ್ತಿ ಆಡುವುದನ್ನು ಮೊಬೈಲಿನಲ್ಲಿ ನೋಡಿದ್ದಾಳೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್ ಫೋಟೊ ಪುಸ್ತಕದ ರಟ್ಟಿಗೆ ಅಂಟಿಸಿಕೊಂಡಿದ್ದಾಳೆ. “ಅಜ್ಜಾ, ನಿಮ್ಮ ಗರಡಿಗೆ ನನ್ನ ಕರ್ಕೊಂಡು ಹೋಗ್ತೀರಾ?” ಅಂತ ನೇರವಾಗಿ ಕೇಳಿದಳು. ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆ ಕೆಂಪು ಮಣ್ಣಿಗೆ ಹೆಣ್ಣುಮಕ್ಕಳು ಇಳಿದಿದ್ದನ್ನು ಅವರು ಕಂಡಿಲ್ಲ. “ಹಿರಿಯರನ್ನ ಕೇಳಿ ನೋಡ್ತೀನಿ ತಡಿಯವ್ವಾ” ಅಂದರು. ಅದಾಗಿ ಮೂರು ವಾರ. ಅವಳು ದಿನಾ ಸಂಜೆ ತಾರಸಿ ಮೇಲೆ ಬಸ್ಕಿ ಹೊಡೆಯುತ್ತಾಳೆ, ಪಕ್ಕದ ತಾರಸಿಗೆ ಕೇಳುವಂತೆ ಜೋರಾಗಿ ಎಣಿಸುತ್ತಾಳೆ. ನಿನ್ನೆ ಎಪ್ಪತ್ತಾಗಿತ್ತು.